ಪರಿಸರಕ್ಕೆ ಹಗುರವಾದ ಮನೆವಾರ್ತೆ: ಬೆಂಗಳೂರಿನ ಮನೆಗೂ ಕಚೇರಿಗೂ ಒಂದು ಕೈಪಿಡಿ

ಪರಿಸರಸ್ನೇಹಿಯಾಗಿ ಬದುಕಬೇಕೆಂದು ನಿಶ್ಚಯಿಸಿದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಅಂಗಡಿಗೆ ಹೋಗುವುದು. ಬಿದಿರಿನ ಬ್ರಷ್, ಸ್ಟೀಲಿನ ಸ್ಟ್ರಾ, ಚಂದದ ಅಕ್ಷರಗಳುಳ್ಳ ಬಟ್ಟೆಯ ಚೀಲಗಳು ಮನೆಗೆ ಬರುತ್ತವೆ. ಹತ್ತು ವರ್ಷ ಬಾಳಬಹುದಾಗಿದ್ದ ಹಳೆಯ ಪ್ಲಾಸ್ಟಿಕ್ ಡಬ್ಬಿಗಳು ಹೊರಗೆ ಹೋಗಿ, ಅವುಗಳ ಜಾಗದಲ್ಲಿ ಗಾಜಿನ ಭರಣಿಗಳು ಸಾಲಾಗಿ ನಿಲ್ಲುತ್ತವೆ. ಇದರಿಂದ ಕಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಈ ಕೈಪಿಡಿಯಲ್ಲಿ ಅನುಸರಿಸಿರುವ ಕ್ರಮ ಬೇರೆ. ದಿನವೂ ನಡೆಯುವ, ತೂಕದಲ್ಲಿಯೋ ಅಳತೆಯಲ್ಲಿಯೋ ದೊಡ್ಡದಾದ ಕೆಲಸಗಳನ್ನು ಮೊದಲು ಹಿಡಿದು, ಸಾಧ್ಯವಾದಷ್ಟೂ ಏನನ್ನೂ ಹೊಸದಾಗಿ ಕೊಳ್ಳದೆ ಅವುಗಳನ್ನು ಸರಿಪಡಿಸುವುದು ಹೇಗೆಂಬುದನ್ನಷ್ಟೇ ಇಲ್ಲಿ ಹೇಳಲಾಗಿದೆ. ಉದಾಹರಣೆಗಳು ಬೆಂಗಳೂರಿನವು. ಬೇರೆ ಊರಿನವರು ನೀರಿನ ಮೂಲ ಮತ್ತು ಕಸದ ವ್ಯವಸ್ಥೆಯ ವಿವರಗಳನ್ನು ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು.

ಮೊದಲು ಹಸಿ ಕಸ

ನಮ್ಮ ಮನೆಗಳಿಂದ ಹೊರಬೀಳುವ ಕಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹಸಿ ಕಸವೇ ಆಗಿರುತ್ತದೆ: ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಕಾಫಿಯ ಗಸಿ, ತಟ್ಟೆಯಲ್ಲಿ ಉಳಿದ ಅನ್ನ, ದೇವರ ಮನೆಯ ಬಾಡಿದ ಹೂವು. ಇದು ಪ್ಲಾಸ್ಟಿಕ್ ಕವರಿನೊಳಗೆ ಸೇರಿ ಕಸದ ಗುಡ್ಡೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಅನಿಲ ಹುಟ್ಟುತ್ತದೆ, ಕೊಳಚೆ ರಸ ಇಳಿದು ಸುತ್ತಲಿನ ಬಾವಿ ಕೆರೆಗಳನ್ನು ಸೇರುತ್ತದೆ. ಮಾವಳ್ಳಿಪುರ ಮತ್ತು ಮಂಡೂರಿನ ಗ್ರಾಮಸ್ಥರು ವರ್ಷಗಟ್ಟಲೆ ಅನುಭವಿಸಿದ್ದು ಇದನ್ನೇ. ಅವರ ಪ್ರತಿಭಟನೆಯ ಫಲವಾಗಿ ಮಾವಳ್ಳಿಪುರದಲ್ಲಿ 2012ರಲ್ಲಿಯೂ ಮಂಡೂರಿನಲ್ಲಿ 2014ರ ಕೊನೆಗೂ ನಗರದ ಕಸ ಸುರಿಯುವುದು ನಿಂತಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯಗೊಳಿಸಿತು: ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಪ್ಯಾಡ್, ಡಯಾಪರ್‌ಗಳಂತಹ ನೈರ್ಮಲ್ಯದ ಕಸಕ್ಕೆ, ಚೀಲ ಒಣ ಕಸಕ್ಕೆ.

ಹಸಿ ಕಸವನ್ನು ಕಸದ ಆಟೋಗೆ ಕೊಡುವುದಕ್ಕಿಂತಲೂ ಮನೆಯಲ್ಲಿಯೇ ಗೊಬ್ಬರ ಮಾಡುವುದು ಉತ್ತಮ. ಇದಕ್ಕೆ ದುಬಾರಿ ಸಾಧನಗಳು ಬೇಕಿಲ್ಲ. ಒಡೆದ ಬಕೆಟ್, ಬಣ್ಣದ ಹಳೆಯ ಡಬ್ಬಿ ಅಥವಾ ದೊಡ್ಡ ಮಣ್ಣಿನ ಕುಂಡ ಎರಡಿದ್ದರೆ ಸಾಕು. ಪ್ಲಾಸ್ಟಿಕ್ ಡಬ್ಬಿಯಾದರೆ ಸುತ್ತಲೂ, ತಳದಲ್ಲಿಯೂ ಪೆನ್ಸಿಲ್ ಗಾತ್ರದ ತೂತುಗಳನ್ನು ಕೊರೆದು, ಒಳಭಾಗಕ್ಕೆ ಹಳೆಯ ಸೊಳ್ಳೆಪರದೆಯ ತುಂಡನ್ನು ಹೊದಿಸಬೇಕು. ತಳಕ್ಕೆ ನಾಲ್ಕು ಬೆರಳಿನಷ್ಟು ತೆಂಗಿನ ನಾರು ಅಥವಾ ಒಣಗಿದ ಎಲೆಯನ್ನು ಹರಡಿ, ಅದರ ಮೇಲೆ ದಿನದ ಹಸಿ ಕಸವನ್ನು ಚಿಕ್ಕದಾಗಿ ಹೆಚ್ಚಿ ಹಾಕಿ, ಪ್ರತಿ ಸಲವೂ ಅದರ ಒಂದೂವರೆಯಷ್ಟೋ ಎರಡರಷ್ಟೋ ಗಾತ್ರದ ಒಣ ಎಲೆ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಮರದ ಹೊಟ್ಟಿನಿಂದ ಮುಚ್ಚಬೇಕು. ಆರಂಭದಲ್ಲಿ ಒಂದು ಹಿಡಿ ಸಗಣಿ ಇಲ್ಲವೇ ಒಂದು ಲೋಟ ಹುಳಿ ಮಜ್ಜಿಗೆ ಸೇರಿಸಿದರೆ ಸೂಕ್ಷ್ಮಜೀವಿಗಳು ಬೇಗ ಕೆಲಸಕ್ಕೆ ತೊಡಗುತ್ತವೆ. ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ ಗಾಳಿಯಾಡಿಸಬೇಕು. ಮೊದಲ ಡಬ್ಬಿ ತುಂಬಿದ ಮೇಲೆ ಅದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಬಳಸಲು ಆರಂಭಿಸಿದರೆ, ಎರಡನೆಯದು ತುಂಬುವ ಹೊತ್ತಿಗೆ ಮೊದಲನೆಯದು ಬಹುಮಟ್ಟಿಗೆ ಗೊಬ್ಬರವಾಗಿರುತ್ತದೆ. ಎರಡು ತಿಂಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಗಿದೆಯೆಂದು ತಿಳಿಯಬೇಕು.

ಇಲ್ಲಿ ನನ್ನದೇ ಸೋಲನ್ನು ಹೇಳುವುದರಿಂದ ಓದುಗರಿಗೆ ಅನುಕೂಲವಾಗಬಹುದು. ಮೊದಲ ಸಲ ನಾನು ಸಾರು, ಹುಳಿಯ ಉಳಿಕೆಯನ್ನೆಲ್ಲ ನೀರಿನ ಸಮೇತ ಡಬ್ಬಿಗೆ ಸುರಿದು, ಒಣ ಎಲೆಯನ್ನು ಹೂವು ಏರಿಸುವಂತೆ ನಾಲ್ಕು ಎಸಳು ಮಾತ್ರ ಹಾಕುತ್ತಿದ್ದೆ. ಹತ್ತೇ ದಿನಕ್ಕೆ ಬಾಲ್ಕನಿಯಲ್ಲಿ ನಿಲ್ಲಲಾಗದಷ್ಟು ನಾತ ಎದ್ದಿತು, ಮನೆಯವರು ಡಬ್ಬಿಗೆ ಗಡುವು ಕೊಟ್ಟರು. ಕೆಟ್ಟ ವಾಸನೆಗೆ ಕಾರಣ ಹೆಚ್ಚು ಕಡಿಮೆ ಯಾವಾಗಲೂ ಒಂದೇ: ನೀರು ಹೆಚ್ಚಾಗಿ ಗಾಳಿ ಕಡಿಮೆಯಾಗಿರುವುದು. ಹಿಡಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಒಸರಿದರೆ ತೇವ ಸರಿಯಾಗಿದೆ. ಧಾರೆಯಾಗಿ ಇಳಿದರೆ ಒಣ ಎಲೆ ಸೇರಿಸಿ ಕೆದಕಬೇಕು. ಏನೂ ಒಸರದೆ ಪುಡಿಯಾದರೆ ಅಕ್ಕಿ ತೊಳೆದ ನೀರನ್ನು ಚಿಮುಕಿಸಬೇಕು. ಬಿಳಿಯ ಹುಳುಗಳು ಕಾಣಿಸಿಕೊಂಡರೆ ಹೆದರಬೇಕಾಗಿಲ್ಲ, ಅವು ಕಸವನ್ನು ನಮಗಿಂತ ಶ್ರದ್ಧೆಯಿಂದ ಮುಗಿಸುತ್ತವೆ. ಆದರೂ ನೋಡಲು ಅಸಹ್ಯವೆನಿಸಿದರೆ ಬೇವಿನ ಹಿಂಡಿಯ ಪುಡಿಯನ್ನು ಉದುರಿಸಬಹುದು. ಮಾಂಸ, ಮೂಳೆ ಮತ್ತು ಎಣ್ಣೆಯ ಜಿಡ್ಡನ್ನು ಆರಂಭಿಕರು ಹಾಕದಿರುವುದು ಒಳ್ಳೆಯದು. ಒಣ ಎಲೆಯನ್ನು ಕೊಳ್ಳಬೇಕಾಗಿಯೂ ಇಲ್ಲ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ರಸ್ತೆಬದಿಯ ಮರಗಳು ಉದುರಿಸುವ ಎಲೆಯನ್ನು ನಾಲ್ಕು ಗೋಣಿಚೀಲಗಳಲ್ಲಿ ತುಂಬಿಟ್ಟುಕೊಂಡರೆ ಮುಂದಿನ ಬೇಸಿಗೆಯವರೆಗೂ ಸಾಕಾಗುತ್ತದೆ. ಆ ಎಲೆಗೆ ಬೆಂಕಿ ಹಚ್ಚುವುದೂ ತಪ್ಪುತ್ತದೆ.

ಒಣ ಕಸದ ಬಗ್ಗೆ ತಿಳಿದಿರಬೇಕಾದದ್ದು ಸ್ವಲ್ಪವೇ. ಅದು ನಿಜವಾಗಿಯೂ ಒಣಗಿರಬೇಕು. ಹಾಲಿನ ಪ್ಯಾಕೆಟನ್ನು ತೊಳೆದು ಕವುಚಿಟ್ಟು ಒಣಗಿಸಿದರೆ ಗುಜರಿಯವರು ಹಣ ಕೊಟ್ಟು ಒಯ್ಯುತ್ತಾರೆ. ಸಾರು ಮೆತ್ತಿದ ಪಾರ್ಸೆಲ್ ಡಬ್ಬಿಯನ್ನು ಹಾಗೆಯೇ ಹಾಕಿದರೆ ಅದರೊಡನೆ ಇದ್ದ ಒಳ್ಳೆಯ ಕಾಗದವೂ ಹಾಳಾಗುತ್ತದೆ. ಹಾಲಿನ ಪ್ಯಾಕೆಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯದೆ ಸೀಳಿ ಬಿಡುವ ಅಭ್ಯಾಸ ಮಾಡಿಕೊಳ್ಳಬೇಕು, ಏಕೆಂದರೆ ಉಗುರಿನಷ್ಟು ಚಿಕ್ಕ ಚೂರುಗಳು ಯಾವ ವಿಂಗಡಣೆಯಲ್ಲಿಯೂ ಸಿಗದೆ ಚರಂಡಿ ಸೇರುತ್ತವೆ. ಸ್ಯಾನಿಟರಿ ಪ್ಯಾಡ್ ಮತ್ತು ಡಯಾಪರ್‌ಗಳನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕುವುದು, ಒಡೆದ ಗಾಜನ್ನು ಬೇರೆಯಾಗಿ ಕಟ್ಟಿ ಬಾಯಲ್ಲಿ ಹೇಳಿ ಕೊಡುವುದು ಪೌರಕಾರ್ಮಿಕರ ಕೈಗಳಿಗೆ ನಾವು ಸಲ್ಲಿಸಲೇಬೇಕಾದ ಕನಿಷ್ಠ ಮರ್ಯಾದೆ. ಹಳೆಯ ಚಾರ್ಜರ್, ಬ್ಯಾಟರಿ, ಟ್ಯೂಬ್‌ಲೈಟುಗಳಲ್ಲಿ ಸೀಸ, ಪಾದರಸದಂತಹ ವಿಷಗಳಿರುವುದರಿಂದ ಅವುಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ತಲುಪಿಸಬೇಕು.

ನೂರು ಕಿಲೋಮೀಟರ್ ದೂರದಿಂದ ಬರುವ ನೀರು

ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ ಮತ್ತು ತಾತಗುಣಿಯ ಪಂಪುಗಳ ಮೂಲಕ ಹೆಚ್ಚು ಕಡಿಮೆ 500 ಮೀಟರ್ ಎತ್ತರ ಏರಿ ನಗರವನ್ನು ತಲುಪುತ್ತದೆ. 1974ರಲ್ಲಿ ಮೊದಲ ಹಂತ ಆರಂಭವಾಯಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಬಂದಿತು. 1,000 ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪು ಮತ್ತು ಕೊಳವೆಗಳಲ್ಲಿ ಆಗುವ ನಷ್ಟವನ್ನು ಬಿಟ್ಟರೂ, ಸುಮಾರು 1.4 ಯೂನಿಟ್ ವಿದ್ಯುತ್ ಬೇಕೇ ಬೇಕು. ಆದ್ದರಿಂದ ಈ ಊರಿನಲ್ಲಿ ನೀರನ್ನು ಉಳಿಸುವುದೆಂದರೆ ವಿದ್ಯುತ್ತನ್ನೂ ಉಳಿಸುವುದೆಂದೇ ಅರ್ಥ.

ಮೊದಲು ಅಳೆಯಬೇಕು. 20 ಲೀಟರಿನ ಬಕೆಟನ್ನು ಅಡುಗೆಮನೆಯ ನಲ್ಲಿಯ ಕೆಳಗಿಟ್ಟು ಪೂರ್ತಿ ತಿರುಗಿಸಿದಾಗ ಎರಡು ನಿಮಿಷಕ್ಕೆ ತುಂಬಿದರೆ, ಆ ನಲ್ಲಿ ನಿಮಿಷಕ್ಕೆ 10 ಲೀಟರ್ ಸುರಿಸುತ್ತಿದೆಯೆಂದಾಯಿತು. ನಲ್ಲಿಯ ಮೂತಿಗೆ ಏರೇಟರ್ ಎಂಬ ಚಿಕ್ಕ ಜಾಲರಿಯನ್ನು ತಿರುಪಿದರೆ ನೀರಿನೊಡನೆ ಗಾಳಿ ಬೆರೆತು, ಕೈಗೆ ಧಾರೆ ಅಷ್ಟೇ ಇದೆಯೆನಿಸಿದರೂ ಖರ್ಚು ಅರ್ಧಕ್ಕಿಂತ ಕೆಳಗಿಳಿಯುತ್ತದೆ. 2024ರ ಬೇಸಿಗೆಯ ನೀರಿನ ಬರದಲ್ಲಿ ಜಲಮಂಡಳಿಯು ವಾಣಿಜ್ಯ ಕಟ್ಟಡಗಳು ಮತ್ತು ವಸತಿ ಸಮುಚ್ಚಯಗಳಲ್ಲಿ ಇದನ್ನು ಅಳವಡಿಸಲು ಸೂಚಿಸಿತ್ತು. ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವನ್ನೂ ಗೊತ್ತುಪಡಿಸಿತ್ತು. ನಾನು ಈ ಕೈಪಿಡಿಯಲ್ಲಿ ಸಂಕೋಚವಿಲ್ಲದೆ ಕೊಳ್ಳಲು ಹೇಳುವ ಕೆಲವೇ ವಸ್ತುಗಳಲ್ಲಿ ಏರೇಟರ್ ಒಂದು. ಸೆಕೆಂಡಿಗೆ ಒಂದು ಹನಿಯಂತೆ ಸೋರುವ ನಲ್ಲಿಯಿಂದ ದಿನಕ್ಕೆ 15ರಿಂದ 20 ಲೀಟರ್ ಹೋಗುತ್ತದೆ. ಕೆಲವೇ ರೂಪಾಯಿಗಳ ವಾಷರ್ ಬದಲಿಸಿದರೆ ಆ ಸೋರಿಕೆ ನಿಲ್ಲುತ್ತದೆ. ಇನ್ನು ಮೋಟರ್ ಹಾಕಿ ಮರೆಯುವ ನಮ್ಮ ಊರಿನ ಸಾರ್ವತ್ರಿಕ ರೋಗವಿದೆ. ಟ್ಯಾಂಕ್ ತುಂಬಿ ಗೋಡೆಯ ಮೇಲೆ ಜಲಪಾತವಾಗಿ ಇಳಿಯುವಾಗ ಪಕ್ಕದ ಮನೆಯವರು ಕೂಗಿ ಹೇಳುವವರೆಗೂ ಕಾಯದೆ, ನೀರಿನ ಮಟ್ಟ ನೋಡಿ ತಾನೇ ಆರುವ ಸ್ವಿಚ್ಚನ್ನು ಹಾಕಿಸುವುದು ಸೂಕ್ತ.

ಅಕ್ಕಿ, ಬೇಳೆ ತೊಳೆದ ನೀರನ್ನು ಕಲಗಚ್ಚೆಂದು ದನಗಳಿಗೆ ಇಡುತ್ತಿದ್ದ ಮನೆಗಳು ನಗರದಲ್ಲಿ ಈಗ ಅಪರೂಪ. ಆದರೂ ಆ ನೀರು ಕುಂಡದ ಗಿಡಗಳಿಗೆ ಸೇರಬಹುದು. ಬಟ್ಟೆ ಜಾಲಾಡಿದ ಕೊನೆಯ ನೀರು ಶೌಚಾಲಯಕ್ಕೆ, ಅಂಗಳಕ್ಕೆ ಆಗುತ್ತದೆ. ಆರ್‌ಓ ನೀರು ಶುದ್ಧೀಕರಣ ಯಂತ್ರದ ವಿಷಯದಲ್ಲಿ ಮಾತ್ರ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಮನೆಬಳಕೆಯ ಅನೇಕ ಯಂತ್ರಗಳು ಕುಡಿಯಲು ಕೊಡುವುದಕ್ಕಿಂತ ಹೆಚ್ಚು ನೀರನ್ನು ಹೊರಚೆಲ್ಲುತ್ತವೆ. ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಲವಣಾಂಶವಿರುವ ಕಡೆ ಇವುಗಳ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿಯೇ ಹೇಳಿತ್ತು. ಕಾವೇರಿ ನೀರಿನ ಲವಣಾಂಶ ಸಾಮಾನ್ಯವಾಗಿ ಆ ಮಿತಿಗಿಂತ ಕೆಳಗೇ ಇರುವುದರಿಂದ, ಅದನ್ನು ಸೋಸಿ ಕುದಿಸಿ ಕುಡಿದರೆ ಸಾಕು. ಗಡಸು ಬೋರ್‌ವೆಲ್ ನೀರನ್ನೇ ನಂಬಿರುವವರು ಯಂತ್ರದಿಂದ ಹೊರಬರುವ ನೀರನ್ನು ಬಕೆಟಿನಲ್ಲಿ ಹಿಡಿದು ನೆಲ ಒರೆಸಲು, ಪಾತ್ರೆಯ ಮುಸುರೆ ತೊಳೆಯಲು ಬಳಸಬೇಕು. ಉಪ್ಪಿನಂಶ ಹೆಚ್ಚಿರುವುದರಿಂದ ಗಿಡಗಳಿಗೆ ಅದು ಒಳ್ಳೆಯದಲ್ಲ.

ಸ್ವಂತ ಮನೆಯಿದ್ದರೆ ಮಳೆಕೊಯ್ಲನ್ನು ಮುಂದೂಡಬಾರದು. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಚಿಕೊಂಡು ಬರುವ ಊರು ನಮ್ಮದು. ಈ ದೃಷ್ಟಿಯಿಂದ ನಾವು ಅದೃಷ್ಟವಂತರು. 30×40 ನಿವೇಶನದ ಮನೆಯ ತಾರಸಿ 1,000 ಚದರಡಿ ಎಂದು ಇಟ್ಟುಕೊಂಡರೆ ಅದು 93 ಚದರ ಮೀಟರ್ ಆಗುತ್ತದೆ. ಒಂದು ಸಂಜೆ 20 ಮಿಲಿಮೀಟರ್ ಮಳೆ ಬಿದ್ದರೆ ಅಲ್ಲಿಂದ 1,860 ಲೀಟರ್ ಇಳಿಯುತ್ತದೆ, ಧೂಳಿನ ಮೊದಲ ನೀರನ್ನು ಹೊರಬಿಟ್ಟರೂ 1,500 ಲೀಟರ್ ಸಂಪ್‌ಗೆ (ನೆಲದಡಿಯ ತೊಟ್ಟಿಗೆ) ಸೇರಬಹುದು. ತಾರಸಿಯನ್ನು ಗುಡಿಸಿಟ್ಟಿರುವುದು, ಮೊದಲ ಮಳೆಯ ನೀರನ್ನು ಬೇರೆ ಕೊಳವೆಯಲ್ಲಿ ಹೊರಬಿಡುವುದು, ಸಂಪ್‌ಗೆ ಮೊದಲು ಶೋಧಕ ಇಡುವುದು, ತುಂಬಿ ಹೆಚ್ಚಾದದ್ದನ್ನು ಇಂಗುಬಾವಿಗೆ ತಿರುಗಿಸುವುದು ಇದರ ಕ್ರಮ. ಬೇರೆ ಬೇರೆ ವಿಧಾನಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗಾಗಿ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರವಿದೆ.

ನೀರಿನಷ್ಟೇ ನೀರಿಗೆ ಬೆರೆಸುವ ಸೋಪಿನ ಲೆಕ್ಕವೂ ಮುಖ್ಯ. ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ಎದ್ದು ರಸ್ತೆಗೆ ಹಾರಿದ ನೊರೆ ಆಕಾಶದಿಂದ ಬಿದ್ದದ್ದಲ್ಲ. ಅದರ ದೊಡ್ಡ ಪಾಲು, ಶುದ್ಧೀಕರಣವಾಗದೆ ಹರಿದ ನಮ್ಮದೇ ಬಚ್ಚಲುಗಳ ಡಿಟರ್ಜೆಂಟ್. ಬಟ್ಟೆ ಒಗೆಯುವ ಪುಡಿಯನ್ನು ಈಗ ಹಾಕುತ್ತಿರುವುದರ ಮೂರನೆಯ ಎರಡು ಭಾಗಕ್ಕೆ ಇಳಿಸಿ ಒಂದು ವಾರ ನೋಡಬಹುದು. ಸಾಧಾರಣ ಕೊಳೆಯ ಬಟ್ಟೆಗಳಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ರೇಷ್ಮೆ ಸೀರೆ ಮತ್ತು ಉಣ್ಣೆಗೆ ಅಂಟುವಾಳದ ಕಾಯಿ, ಎಣ್ಣೆ ಜಿಡ್ಡಿನ ಪಾತ್ರೆಗಳಿಗೆ ಸೀಗೆಪುಡಿ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತವೆ.

ವಿದ್ಯುತ್ತು, ಒಲೆ

ಸ್ನಾನದ ನೀರು, ಫ್ಯಾನು, ಫ್ರಿಜ್ ಇವು ಮೂರು ನಮ್ಮ ಮನೆಗಳ ವಿದ್ಯುತ್ ಖರ್ಚಿನ ಮುಖ್ಯ ಬಾಬತ್ತುಗಳು. 20 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಅರ್ಧ ಯೂನಿಟ್ಟಿನ ಹತ್ತಿರ ಬೇಕಾಗುತ್ತದೆ. ಗೀಸರನ್ನು ಬೆಳಗಿನಿಂದ ಹಾಗೆಯೇ ಬಿಡದೆ, ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವಂತೆ ಹೊಂದಿಸಿಕೊಂಡು, ಬಕೆಟ್ಟಿನಲ್ಲಿಯೇ ಮಿಂದರೆ ಈ ಖರ್ಚು ತಾನಾಗಿ ಇಳಿಯುತ್ತದೆ. ತಾರಸಿಯ ಹಕ್ಕಿರುವವರು ಸೋಲಾರ್ ವಾಟರ್ ಹೀಟರ್ ಹಾಕಿಸುವುದು ಎಲ್ಲಕ್ಕಿಂತ ಮೇಲು.

ಹಳೆಯ ಫ್ಯಾನು 75 ವ್ಯಾಟ್ ತೆಗೆದುಕೊಂಡರೆ ಬಿಎಲ್‌ಡಿಸಿ ಮೋಟರಿನ ಫ್ಯಾನು 35 ವ್ಯಾಟ್ ಒಳಗೇ ತಿರುಗುತ್ತದೆ. ದಿನಕ್ಕೆ 12 ಗಂಟೆ ಬಳಸುವ ಕಡೆ ವರ್ಷಕ್ಕೆ 175 ಯೂನಿಟ್ ಉಳಿಯುತ್ತದೆ. ಅಪರೂಪಕ್ಕೆ ಹಾಕುವ ಅತಿಥಿಗಳ ಕೋಣೆಯಲ್ಲಿ ಹಳೆಯ ಫ್ಯಾನನ್ನು ಬದಲಿಸುವುದು ದಂಡ. ಕೆಟ್ಟಾಗ ಬದಲಿಸಿದರಾಯಿತು.

ಒಲೆಯ ವಿಷಯದಲ್ಲಿ ಅಡುಗೆ ಬಲ್ಲವರಿಗೆ ಹೊಸದಾಗಿ ಹೇಳುವಂತಹದ್ದು ಕಡಿಮೆ. ಕಡಲೆ, ಹುರುಳಿ, ಅಲಸಂದೆಗಳನ್ನು ಹಿಂದಿನ ರಾತ್ರಿಯೇ ನೆನೆಹಾಕುವುದು, ಕುಕ್ಕರಿನಲ್ಲಿ ಅನ್ನ ಬೇಳೆಗಳನ್ನು ಒಟ್ಟಿಗೆ ಇಡುವುದು, ಕೂಗು ಬಂದ ಕೂಡಲೇ ಉರಿ ತಗ್ಗಿಸುವುದು, ಪಲ್ಯದ ಬಾಣಲೆಗೆ ತಟ್ಟೆ ಮುಚ್ಚುವುದು ಇಷ್ಟನ್ನು ಪಾಲಿಸಿದರೆ 14.2 ಕಿಲೋ ಸಿಲಿಂಡರ್ ಇನ್ನಷ್ಟು ದಿನ ಬರುತ್ತದೆ. ಅಂತಹ ಒಂದು ಸಿಲಿಂಡರ್ ಪೂರ್ತಿ ಉರಿದಾಗ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬಹುದು, ಮುಂದಿನ ಲೆಕ್ಕಕ್ಕೆ ಅದು ಬೇಕಾಗುತ್ತದೆ.

ಕಚೇರಿ ಮತ್ತು ಕಚೇರಿಯ ದಾರಿ

ಕಚೇರಿಗಳಲ್ಲಿ ಪರಿಸರದ ಮಾತು ಬಂದಾಗ ಎಲ್ಲರೂ ಕಾಗದದ ಎರಡೂ ಬದಿ ಮುದ್ರಿಸುವ ಬಗ್ಗೆ ಹೇಳುತ್ತಾರೆ. ಅದು ಸರಿಯೇ. ಆದರೆ ಕಚೇರಿಯ ಕೆಲಸಕ್ಕಿಂತ ಅಲ್ಲಿಗೆ ಹೋಗಿ ಬರುವ ದಾರಿಯೇ ಅನೇಕರ ವಿಷಯದಲ್ಲಿ ಹೆಚ್ಚು ಭಾರವಾಗಿರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ದಿನಕ್ಕೆ ಹೋಗಿ ಬರಲು 20 ಕಿಲೋಮೀಟರ್, ವರ್ಷಕ್ಕೆ 250 ದಿನ, ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು, ಅದರೊಳಗೆ ಒಬ್ಬರೇ ಎಂದಿಟ್ಟುಕೊಂಡರೆ ಒಟ್ಟು ಸುಮಾರು 770 ಕಿಲೋ ಆಗುತ್ತದೆ, ಅಂದರೆ ಹದಿನೆಂಟು ಅಡುಗೆ ಸಿಲಿಂಡರ್‌ಗಳಿಗೆ ಸಮ. ಅದೇ ದೂರಕ್ಕೆ ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರ್ ಬಳಸಿದರೆ 255 ಕಿಲೋ. ವಾರದ ಐದು ದಿನಗಳಲ್ಲಿ ಎರಡು ದಿನ ಕಾರನ್ನು ಮನೆಯಲ್ಲಿ ಬಿಟ್ಟು ಮೆಟ್ರೋದಲ್ಲಿಯೋ ಬಿಎಂಟಿಸಿ ಬಸ್ಸಿನಲ್ಲಿಯೋ ಹೋದರೆ, ಇಲ್ಲವೇ ಮನೆಯಿಂದಲೇ ಕೆಲಸ ಮಾಡಿದರೆ, ಸುಮಾರು 300 ಕಿಲೋದಷ್ಟು ಪೆಟ್ರೋಲಿನ ಹೊಗೆ ತಪ್ಪುತ್ತದೆ. ಮೇಲೆ ಹೇಳಿದ ಫ್ಯಾನಿನ 175 ಯೂನಿಟ್‌ಗಳನ್ನು ಯೂನಿಟ್ಟಿಗೆ 0.7 ಕಿಲೋದಂತೆ ಲೆಕ್ಕ ಹಾಕಿದರೂ ಸುಮಾರು 120 ಕಿಲೋ ಮಾತ್ರ ಆಗುತ್ತದೆ. ಯಾವುದನ್ನು ಮೊದಲು ಹಿಡಿಯಬೇಕೆಂಬುದಕ್ಕೆ ಇಂತಹ ಲೆಕ್ಕ ಸಹಾಯ ಮಾಡುತ್ತದೆ.

ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗಿನ ಮೆಟ್ರೋದ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ತಿಯಾಯಿತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಬಂದಿತು. ತೊಡಕಿರುವುದು ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಚೇರಿಗೆ ಇರುವ ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ. ಒಂದು ಭಾನುವಾರ ಅವಸರವಿಲ್ಲದೆ ಆ ದಾರಿಯನ್ನು ನಡೆದು ನೋಡಿ, ಯಾವ ಫೀಡರ್ ಬಸ್ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಬದಿಯ ಕಾಲುದಾರಿ ನಡೆಯಲು ಯೋಗ್ಯವಾಗಿದೆ ಎಂದು ತಿಳಿದುಕೊಂಡರೆ, ಸೋಮವಾರ ಬೆಳಿಗ್ಗೆ ಕಾರಿನ ಕೀಲಿಗೆ ಕೈ ಹೋಗುವುದು ಕಡಿಮೆಯಾಗುತ್ತದೆ.

ಕಚೇರಿಯೊಳಗೆ ಎರಡು ಸಂಗತಿಗಳು ಗಮನಾರ್ಹ. ಒಂದು ಎಸಿ. 2020ರಿಂದ ದೇಶದಲ್ಲಿ ಮಾರುವ ಕೋಣೆಯ ಎಸಿಗಳನ್ನು 24 ಡಿಗ್ರಿಗೆ ಹೊಂದಿಸಿಯೇ ಕೊಡಬೇಕೆಂಬ ನಿಯಮವಿದೆ. ಆದರೂ ಬೆಂಗಳೂರಿನ ಹವೆಯಲ್ಲಿ ಅದನ್ನು 19ಕ್ಕೆ ಇಳಿಸಿ, ಒಳಗಿರುವವರು ಸ್ವೆಟರ್ ಹಾಕಿಕೊಂಡು ಕೂರುವ ಕಚೇರಿಗಳಿಗೆ ಕೊರತೆಯಿಲ್ಲ. ಮೇಲ್ವಿಚಾರಕರಿಗೆ ಹೇಳುವಾಗ ಪರಿಸರದ ಮಾತಿಗಿಂತ ಬಿಲ್ಲಿನ ಮಾತು ಬೇಗ ತಲುಪುತ್ತದೆಂಬುದು ನನ್ನ ಅನುಭವ. ಇನ್ನೊಂದು ಕಾಫಿ ಲೋಟ. ಪೇಪರ್ ಕಪ್ಪುಗಳ ಒಳಮೈಗೆ ಪ್ಲಾಸ್ಟಿಕ್ ಲೇಪನವಿರುವುದರಿಂದ ಅವು ಕಾಗದವಾಗಿಯೂ ಮರುಬಳಕೆಯಾಗುವುದು ಕಷ್ಟ, ಗೊಬ್ಬರವಾಗಿಯೂ ಕರಗುವುದಿಲ್ಲ. ದಿನಕ್ಕೆ ಮೂರು ಸಲ ಕಾಫಿ ಕುಡಿಯುವವರೊಬ್ಬರು ವರ್ಷಕ್ಕೆ 750 ಕಪ್ ಎಸೆಯುತ್ತಾರೆ. ಮನೆಯಲ್ಲಿ ಒಂಟಿಯಾಗಿ ಉಳಿದಿರುವ ಸ್ಟೀಲ್ ಲೋಟವನ್ನು ಮೇಜಿನ ಮೇಲೆ ತಂದಿಟ್ಟುಕೊಂಡರೆ ಸಾಕು. ಸಭೆಗಳಿಗೂ ಅಡುಗೆಮನೆಯಲ್ಲಿ ಎರಡು ಡಜನ್ ಲೋಟ ಇಡುವಂತೆ ಕೇಳಿಕೊಳ್ಳಬಹುದು. ಸಮಾರಂಭದ ಊಟಕ್ಕಾದರೆ ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆಗಳು ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ.

ಕೊನೆಗೆ ಖರೀದಿ

ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕರ್ನಾಟಕ 2016ರಲ್ಲಿಯೂ ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೂ ನಿಷೇಧಿಸಿವೆ. ನಿಷೇಧದ ಜಾರಿ ಹೇಗಿದೆಯೆಂಬುದು ಯಾವ ಸಂತೆಗೆ ಹೋದರೂ ಕಾಣುತ್ತದೆ. ಹಳೆಯ ಪ್ಯಾಂಟಿನಿಂದಲೋ ಸೀರೆಯಿಂದಲೋ ಹೊಲಿದ ಚೀಲವೊಂದನ್ನು ಸ್ಕೂಟರಿನ ಡಿಕ್ಕಿಯಲ್ಲಿ ಖಾಯಂ ಆಗಿ ಇಟ್ಟಿರುವುದು ಇದಕ್ಕೆ ಸರಳ ಪರಿಹಾರ, ಏಕೆಂದರೆ ಚೀಲ ಇಲ್ಲದ್ದಕ್ಕಿಂತ ಅದನ್ನು ಮನೆಯಲ್ಲಿಯೇ ಮರೆತು ಹೋಗುವುದೇ ಹೆಚ್ಚು. ಬಟ್ಟೆಗಳ ವಿಷಯದಲ್ಲಿ ಉತ್ತರ ಕರ್ನಾಟಕದ ಕೌದಿಯನ್ನು ನೆನಪಿಸಿಕೊಳ್ಳಬಹುದು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಆ ಹೊದಿಕೆ ವರ್ಷಗಟ್ಟಲೆ ಬಾಳುತ್ತದೆ. ಹೊಲಿಗೆ ಬಾರದವರು ಬೀದಿ ಮೂಲೆಯ ಟೇಲರ್ ಬಳಿ ಜಿಪ್ ಹಾಕಿಸಿ, ಅಂಚು ಮಡಿಸಿಕೊಂಡು ಇನ್ನೆರಡು ವರ್ಷ ತೊಡಬಹುದು.

ಇಷ್ಟನ್ನು ಆರಂಭಿಸಿದ ಮೇಲೆ ಲೆಕ್ಕ ಇಡಲು ಆ್ಯಪ್ ಬೇಕಾಗಿಲ್ಲ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಪ್ರತಿ ತಿಂಗಳ ಮೊದಲ ದಿನ ವಿದ್ಯುತ್ ಮೀಟರಿನ ಅಂಕಿ ಮತ್ತು ನೀರಿನ ಮೀಟರಿನ ಅಂಕಿಯನ್ನೂ, ಸಿಲಿಂಡರ್ ಬದಲಿಸಿದ ದಿನಾಂಕವನ್ನೂ, ಪೆಟ್ರೋಲ್ ಹಾಕಿಸಿದಾಗಲೆಲ್ಲ ಲೀಟರನ್ನೂ ಬರೆಯಬೇಕು. ಗೃಹಜ್ಯೋತಿಯಿಂದ ಬಿಲ್ ಶೂನ್ಯವಾಗಿ ಬರುವ ಮನೆಗಳವರು ಇದನ್ನು ಮುಖ್ಯವಾಗಿ ಮಾಡಬೇಕು, ಏಕೆಂದರೆ ಕಟ್ಟುವ ಹಣ ಇಲ್ಲದಿದ್ದಾಗ ಬಿಲ್ಲನ್ನು ಯಾರೂ ಓದುವುದಿಲ್ಲ, ಬಳಸಿದ ಯೂನಿಟ್‌ಗಳ ಸಂಖ್ಯೆ ಮಾತ್ರ ಅದರಲ್ಲಿ ಹಾಗೆಯೇ ಅಚ್ಚಾಗಿರುತ್ತದೆ. ಮೂರು ತಿಂಗಳ ಅಂಕಿಗಳು ಕೂಡಿದ ಮೇಲೆ ಯಾವುದು ಇಳಿಯದೆ ನಿಂತಿದೆಯೋ ಅದನ್ನು ಮುಂದಿನ ತಿಂಗಳ ಕೆಲಸವಾಗಿ ಎತ್ತಿಕೊಳ್ಳಬೇಕು.